ಬಸ್ಸಿನಲ್ಲಿ ಬಂದ ಕಣಗಿಲೆ

ಕೇಳಿದವರಿಗೆ ಸಲಹೆ ಕೊಡುವವರು ಒಂದು ಬಗೆ, ಕೇಳದವರಿಗೂ ಕೊಡುವವರು ಇನ್ನೊಂದು ಬಗೆ. ನಾನು ಎರಡನೆಯವನು. ಗಿಡ, ಹಕ್ಕಿ, ಹುಳುಗಳ ಬಗ್ಗೆ ಒಳ್ಳೆಯ ಪುಸ್ತಕ ಕಂಡರೆ ನಾಲ್ಕು ಮಂದಿಗೆ ಓದಿರೆಂದು ಗಂಟು ಬೀಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಸಿಂಧನೂರಿನ ನೆಂಟರ ಮದುವೆ, ಗೃಹಪ್ರವೇಶಗಳಿಗೆಲ್ಲ ನನ್ನ ಉಡುಗೊರೆ ಪುಸ್ತಕವೇ. ಅವುಗಳ ಗತಿಯನ್ನೂ ಬಲ್ಲೆ. ಹಕ್ಕಿಗಳ ಪುಸ್ತಕ ಒಬ್ಬರ ಮನೆಯಲ್ಲಿ ಕುಂಟುವ ಕಪಾಟಿನ ಕಾಲಡಿ ಸೇರಿತ್ತು. ಕೀಟಗಳ ಪುಸ್ತಕದಿಂದ ಇನ್ನೊಬ್ಬರು ನನ್ನೆದುರೇ ಜಿರಲೆ ಹೊಡೆದರು. ನನ್ನ ಹೆಂಡತಿ ನೀಲಮ್ಮ ಮಾತ್ರ ನಾನು ಓದಿ ಹೇಳಿದ್ದನ್ನೆಲ್ಲ ಹೂ ಕಟ್ಟುತ್ತ ಕೇಳುತ್ತಿದ್ದಳು. ನಡುವೆ ತೂಕಡಿಸುತ್ತಿದ್ದಳೆಂಬುದು ಬೇರೆ ಮಾತು. ಹೋದ ವರ್ಷ ಅವಳೂ ಹೋದಳು. ಉಳಿದದ್ದು ಅಂಗಳದಲ್ಲಿ ಅವಳು ನೆಟ್ಟ ಕೆಂಪು ಕಣಗಿಲೆ. ದಿನಾ ಬೆಳಿಗ್ಗೆ ಅದರ ಹೂವನ್ನೇ ಲಿಂಗಕ್ಕೆ ಏರಿಸುತ್ತಿದ್ದೆ. ಅಷ್ಟು ಹೊತ್ತು ಅವಳು ಒಳಗೆ ಒಲೆಯ ಮುಂದಿದ್ದಾಳೆ ಅನ್ನಿಸುತ್ತಿತ್ತು.

ಹೀಗಿರುವಾಗ ಮನೆಯಂಗಳದ ವಿಷದ ಗಿಡಗಳ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಚಿತ್ರಗಳು ಚೆನ್ನಾಗಿದ್ದವು. ರೂಢಿಯಂತೆ ನಾಲ್ಕು ಪುಟ ತಿರುವಿ, ಪ್ರತಿಗಳನ್ನು ತರಿಸಿ ಊರೂರಿಗೆ ಹಂಚಿದೆ. ಸೊಸೆ ಸವಿತಾಳಿಗೂ ಒಂದು ಕೊಟ್ಟೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಎಲ್ಲರೂ ಓದಿದರು.

ಅಂಬೆಗಾಲಿಡುವ ಮೊಮ್ಮಗ ಕಣಗಿಲೆಯ ಎಲೆ ಬಾಯಿಗೆ ಒಯ್ಯುವಾಗ ಸವಿತಾ ಕಂಡು ಕಸಿದುಕೊಂಡಳಂತೆ. ಸಂಜೆ ಪುಸ್ತಕದಲ್ಲಿ ಕಣಗಿಲೆಯ ಚಿತ್ರವಿದ್ದ ಪುಟವನ್ನು ನನ್ನ ಮುಂದೆ ತೆರೆದಿಟ್ಟಳು. ದನಿ ಏರಿಸಲಿಲ್ಲ.

"ಮಾವಾರ, ಅತ್ತಿಯವರ ಗಿಡ ಅಂತ ನನಗೂ ಗೊತ್ತೈತ್ರಿ. ಆದ್ರ ಓದು ಅಂತ ಕೊಟ್ಟಾವ್ರು ನೀವ. ಓದಿದ ಮ್ಯಾಲ ಹೆಂಗ ಸುಮ್ಮನಿರ್ಲಿ?"

ವಾದಿಸಲು ಬಾಯಿ ತೆರೆದೆ. ಪುಸ್ತಕ ಅವಳ ಕಡೆಗಿತ್ತು. ಮರುದಿನ ಗಿಡವನ್ನು ನಾನೇ ಕಡಿದೆ. ಒಂದು ಟೊಂಗೆಯನ್ನು ಮಾತ್ರ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಕೊಂಡು, ತವರೂರಲ್ಲಾದರೂ ಬದುಕಲಿ ಎಂದು, ಗುರುಗುಂಟಾದಲ್ಲಿರುವ ನೀಲಮ್ಮನ ತಂಗಿ ಶಾಂತಮ್ಮನ ಮನೆಗೆ ಹೋದೆ.

ಶಾಂತಮ್ಮ ಟೊಂಗೆ ನೋಡಿ ಕಣ್ಣೊರೆಸಿಕೊಂಡಳು. "ಅಕ್ಕನ ಗಿಡ ಬ್ಯಾಡ ಅನ್ನಾಕ ಜೀವ ಒಲ್ಲೆ ಅಂತೈತ್ರಿ ಭಾವಾರ. ಆದ್ರ ಮನಿ ತುಂಬ ಆಡು, ಮರಿ ಅದಾವು. ನೀವು ಕಳಿಸಿದ ಪುಸ್ತಕ ನಮ್ಮ ಹುಡುಗಿ ಓದಿ ಹೇಳ್ಯಾಳ."

ನನಗೆ ರೊಟ್ಟಿ, ಬದನೆಕಾಯಿ ಪಲ್ಯ ಸಿಕ್ಕಿತು. ಟೊಂಗೆ ಹೊಸ್ತಿಲ ಹೊರಗೇ ಉಳಿಯಿತು.

ಟೊಂಗೆ ಎತ್ತಿಕೊಂಡು ವಾಪಸು ಬರುವಾಗ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದೆ. ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕುಳಿತಳು. ಟೊಂಗೆಯ ತುದಿಯಲ್ಲಿ ಬಾಡಲಾರಂಭಿಸಿದ್ದ ಹೂ ಅವಳ ಕಣ್ಣಿಗೆ ಬಿತ್ತು.

"ಕಾಕಾರ, ಮಸ್ಕ್ಯಾಗ ಹೊಸಾ ಮನಿ ಕಟ್ಟೀವ್ರಿ, ಅಂಗಳ ಖಾಲಿ ಐತಿ. ನಿಮಗ ಬ್ಯಾಡಾಗಿದ್ರ ನನಗ ಕೊಡ್ರಿ, ದಿನಾ ನೀರ ಹಾಕ್ತೀನಿ."

ನೀಲಮ್ಮನಿಗೆ ಕೊನೆಗೂ ಒಂದು ಅಂಗಳ ಸಿಕ್ಕಿತೆಂದುಕೊಂಡೆ. ಕೊಡಲು ಕೈ ಚಾಚಿದೆ. ಕೂಸೂ ಎಲೆಯತ್ತ ಕೈ ಚಾಚಿತು. ಅಷ್ಟೇ, ನನ್ನ ನಾಲಿಗೆ ಎದ್ದಿತು. ಎಲೆ ವಿಷ, ಹೂ ವಿಷ, ಮುರಿದರೆ ಸುರಿಯುವ ಹಾಲೂ ವಿಷ ಎಂದು ಶುರುಮಾಡಿದವನು, ಮಸ್ಕಿ ಹತ್ತಿರವಾಗುವಷ್ಟರಲ್ಲಿ ದತ್ತೂರಿಯವರೆಗೆ ಬಂದಿದ್ದೆ. ಅವಳು ಕೂಸನ್ನು ಆಚೆ ತೊಡೆಗೆ ಬದಲಿಸಿಕೊಂಡಿದ್ದಳು. ಇಳಿಯುವ ಮುನ್ನ, ಇಷ್ಟೆಲ್ಲ ಯಾವ ಪುಸ್ತಕದಲ್ಲಿದೆ ಎಂದು ಕೇಳಿದಳು. ನನ್ನ ಚೀಲದಲ್ಲಿ ಒಂದು ಪ್ರತಿ ಇದ್ದೇ ಇತ್ತು.

ಪುಸ್ತಕ ಮಸ್ಕಿಯಲ್ಲಿ ಇಳಿಯಿತು. ಟೊಂಗೆ ನನ್ನ ತೊಡೆಯ ಮೇಲೆ ಸಿಂಧನೂರಿಗೆ ಬಂತು.