ಬ್ಯಾನಿ ತಿನ್ನೂದು ಅಂದ್ರ

ರೋಣ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಇಷ್ಟು ವರ್ಷ ಕಳೆದ ಮೇಲೆ ನನಗೊಂದು ಖಾತ್ರಿಯಾಗಿದೆ. ಒಳಗೆ ಒಬ್ಬಳು ಹೆರುತ್ತಿದ್ದರೆ ಹೊರಗೆ ನಗು ತಾನಾಗಿಯೇ ಹುಟ್ಟುತ್ತದೆ; ಅದಕ್ಕೆ ನೋವು ಬರಿಸುವ ಡ್ರಿಪ್ ಬೇಕಾಗುವುದಿಲ್ಲ. ಲಕ್ಕಲಕಟ್ಟಿಯ ಚೊಚ್ಚಲ ಬಸುರಿಯೊಬ್ಬಳದನ್ನೇ ಹೇಳುತ್ತೇನೆ.

ಸುಳ್ಳು ಬ್ಯಾನಿ

ಮೊದಲ ಸಲ ಬಂದಾಗ ಅವಳ ಹೊಟ್ಟೆ ತನಗೆ ಮನಸ್ಸು ಬಂದಾಗ ಬಿಗಿಯುತ್ತಿತ್ತು, ನಾಲ್ಕು ಹೆಜ್ಜೆ ಅಡ್ಡಾಡಿದರೆ ಸುಮ್ಮನಾಗುತ್ತಿತ್ತು. ಖರೇ ಬ್ಯಾನಿ, ಅಂದರೆ ನಿಜವಾದ ಹೆರಿಗೆ ನೋವು, ಹಾಗಲ್ಲ. ತಪ್ಪದೆ ಬರುತ್ತದೆ, ಬರಬರುತ್ತ ಜೋರಾಗುತ್ತದೆ. ಇದು ಗರ್ಭಚೀಲದ ತಾಲೀಮು ಅಷ್ಟೇ, ಸುಳ್ಳು ಬ್ಯಾನಿ, ಮನೆಗೆ ಕರೆದುಕೊಂಡು ಹೋಗಿ ಎಂದು ಅತ್ತೆಗೆ ಹೇಳಿದೆ. ಅತ್ತೆಯ ಮುಖ ಬಿಗಿಯಿತು.

"ನಮ್ ಸೊಸಿ ಸಾಲಿ ಕಡಿಮಿ ಕಲ್ತಿರಬಹುದು, ಸುಳ್ಳು ಹೇಳಾಕಿ ಅಲ್ರಿ."

ಏನು ತಿಂತಿದ್ದಾರೆ?

ವಾರದೊಳಗೆ ಖರೇ ಬ್ಯಾನಿ ಶುರುವಾಯಿತು. ಡಾಕ್ಟರು ಹೊಸಬರು, ಕರಾವಳಿ ಕಡೆಯವರು. ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ ಅತ್ತೆ, "ಮುಂಜಾನಿಯಿಂದ ಬ್ಯಾನಿ ತಿನ್ನಾಕತ್ತಾಳ್ರಿ" ಎಂದಳು. ನಮ್ಮಲ್ಲಿ ಹೆರಿಗೆ ನೋವನ್ನು ಯಾರೂ ಅನುಭವಿಸುವುದಿಲ್ಲ, ತಿನ್ನುತ್ತಾರೆ. ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು? ಆಪರೇಷನ್ ಬೇಕಾದರೂ ಬೇಕಾದೀತು, ಹೊಟ್ಟೆ ಖಾಲಿ ಇರಬೇಕು, ಇನ್ನು ಅದನ್ನು ಒಂದು ಚೂರೂ ಕೊಡಕೂಡದು ಎಂದು ಗದರಿದರು.

"ನಾ ಎಲ್ಲಿ ಕೊಟ್ಟೀನ್ರಿ? ನನ್ನ ಮಗಾ ಕೊಟ್ಟಾನ."

ಲೋ ವೋಲ್ಟೇಜ್

ಮರುದಿನ ಬ್ಯಾನಿ ಸಣ್ಣಗಾದವು. ಗರ್ಭಚೀಲದ ಬಾಯಿ ತೆರೆಯುವುದು ಅರ್ಧಕ್ಕೆ ನಿಂತಿತು. ಸಂಜೆಯೊಳಗೆ ಮುಂದುವರಿಯದಿದ್ದರೆ ಗದಗಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಹೊಟ್ಟೆ ಕೊಯ್ಯಬೇಕು ಎಂದರು ಡಾಕ್ಟರು. ಹುಡುಗಿ ನನ್ನ ಕೈ ಹಿಡಿದಳು. "ಗದಗ ಬ್ಯಾಡ್ರಿ, ಸಿಸ್ಟರ್."

ಕೂಸಿನ ಎದೆಬಡಿತ ಚಲೋ ಇತ್ತು, ಬ್ಯಾನಿ ಜೋರಾಗಲೆಂದು ಡ್ರಿಪ್ ಹಚ್ಚಿದೆವು. ಹೊರಗೆ ಗಂಡನಿಗೆ ತಿಳಿಸಿ ಹೇಳಿದೆ: ಗರ್ಭಚೀಲವೂ ಒಂದು ಸ್ನಾಯು, ಬಿಗಿದು ಸಡಿಲಾಗಿ, ಬಿಗಿದು ಸಡಿಲಾಗಿ ದಣಿದಿದೆ.

"ಲೋ ವೋಲ್ಟೇಜ್ ಅನ್ರಿ. ಮೋಟಾರ್ ಗುಂಯ್ ಅಂತೈತಿ, ನೀರ ಎತ್ತೂದಿಲ್ಲ." ಹಾಗಾದರೆ ಡ್ರಿಪ್ ಪೂರಾ ತಿರುವಿಬಿಡಿ, ಲಗೂ ಆಗಲಿ ಎಂದ. ಎರಡು ಬ್ಯಾನಿಗಳ ನಡುವೆ ಸಡಿಲಾದಾಗಲೇ ಕೂಸಿಗೆ ಉಸಿರು, ಪೂರಾ ತಿರುವಿದರೆ ಮೋಟಾರ್ ಸುಡುತ್ತದಪ್ಪಾ ಎಂದೆ. ಅವನು ತಟ್ಟನೆ ಬೆಂಚಿನ ಮೇಲೆ ಕುಳಿತ.

"ಬ್ಯಾಡ ಬ್ಯಾಡ್ರಿ. ಸುಟ್ರ ರಿಪೇರಿಗೂ ಗದಗಿಗೇ ಹೋಗ್ಬೇಕು."

ಈಗ ತಿನ್ನಬಹುದು

ಸಂಜೆ ಗದಗಿಗೆ ಹೋಗುವ ಆಂಬುಲೆನ್ಸ್ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಒಳಗೆ ಕೂಸು ಅಳುವುದಕ್ಕೂ ಸರಿಹೋಯಿತು. ಹೆಣ್ಣುಮಗು. ಡ್ರೈವರ್ ಒಂದು ಚಹಾ ಕುಡಿದು ಖಾಲಿ ಗಾಡಿ ತಿರುಗಿಸಿದ. ಅಷ್ಟರಲ್ಲಿ ಡಾಕ್ಟರೂ ನಮ್ಮ ಮಾತು ಕಲಿತಿದ್ದರು. ಬ್ಯಾನಿ ತಿಂದದ್ದು ಸಾಕು, ಇನ್ನು ಊಟ ಮಾಡಬಹುದು ಎಂದು ಬಾಣಂತಿಗೆ ಹುರುಪಿನಿಂದ ಹೇಳಿದರು.

ಅವಳು ಇಳಿದ ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿದಳು.

"ಹೂಂರಿ. ಇಷ್ಟ ತಿಂದ್ರೂ ಹೊಟ್ಟಿ ಖಾಲೀನ ಆತು."