ಮೇಡಂನವರ ಸೈಕಲ್ಲಿನ ಕ್ಯಾರಿಯರ್ ಹಿಡಿಯುವ ಬಗ್ಗೆ

ಶಾಖಾ ಕಚೇರಿ, ನ್ಯೂ ಟೌನ್, ಭದ್ರಾವತಿ
ಸಂಖ್ಯೆ: ಶಾಕಭ/ಸಿಬ್ಬಂದಿ/ಸೈಕಲ್/ಗುಟ್ಟು/2025-26

ಆಂತರಿಕ ಸುತ್ತೋಲೆ
(ಮೇಡಂನವರ ಕೊಠಡಿಯನ್ನು ಹೊರತುಪಡಿಸಿ)

ವಿಷಯ: ವೃತ್ತಿ ತರಬೇತಿ ಹಾಗೂ ವೈಯಕ್ತಿಕ ಕೌಶಲ್ಯಾಭಿವೃದ್ಧಿಯ ಮೂಲಕ ಪರಿಸರ ಸಂರಕ್ಷಣೆ ಮಾಡುವ ಕುರಿತು, ಹಾಗೂ ಹಾಗೆ ಮಾಡುವಾಗ ಜೀಪು ಚಾಲಕ ಶ್ರೀ ಭೈರಪ್ಪನವರನ್ನು ಉಳಿಸಿಕೊಳ್ಳುವ ಕುರಿತು.

ಉಲ್ಲೇಖ: 1. ಶಿವಮೊಗ್ಗ ಜಿಲ್ಲಾ ಕಚೇರಿಯ ‘ಹಸಿರು ಕೌಶಲ್ಯ’ ಆದೇಶ.
2. ಶ್ರೀಮತಿ ಸಾವಿತ್ರಮ್ಮ ಕೋಂ ಭೈರಪ್ಪನವರು ಕಚೇರಿಯ ಗೇಟಿನಲ್ಲಿ ನಿಂತು ನೀಡಿದ ಮೌಖಿಕ ಹೇಳಿಕೆ (ಬೈಗುಳಗಳನ್ನು ಕಳೆದು).

ಪ್ರಸ್ತಾವನೆ:

ಉಲ್ಲೇಖ (1)ರಲ್ಲಿ, ಪ್ರತಿಯೊಬ್ಬ ಸಿಬ್ಬಂದಿಯೂ ಪರಿಸರಕ್ಕೆ ಉಪಯೋಗವಾಗುವ ಒಂದು ಕೆಲಸವನ್ನು ಕಲಿತು ದಿನನಿತ್ಯ ಬಳಕೆಗೆ ತರತಕ್ಕದ್ದೆಂದು ಆದೇಶಿಸಲಾಗಿತ್ತು. ಅದರಂತೆ ಪ್ರಥಮ ದರ್ಜೆ ಸಹಾಯಕಿ ಕುಮಾರಿ ಅಮೂಲ್ಯಾ ಅವರು ಕೆಟ್ಟ ಬಲ್ಬುಗಳ ರಿಪೇರಿ ಕಲಿತಿರುತ್ತಾರೆ. ಅಧೀಕ್ಷಕ ಶ್ರೀ ಜನಾರ್ದನ, ಅಂದರೆ ಈ ಸುತ್ತೋಲೆಯನ್ನು ಬರೆಯುತ್ತಿರುವವರು, ಎರೆಗೊಬ್ಬರ ತಯಾರಿಕೆ ಕಲಿತಿದ್ದು, ಎರೆಹುಳುಗಳಿಂದ ನಿರೀಕ್ಷಿತ ಸಹಕಾರ ದೊರೆತಿರುವುದಿಲ್ಲ.

ಶಾಖಾ ಮುಖ್ಯಸ್ಥರಾದ ಶ್ರೀಮತಿ ವಿಮಲಾ ಮೇಡಂನವರು ಸೈಕಲ್ ಆರಿಸಿಕೊಂಡರು. ಚಿಕ್ಕಂದಿನಲ್ಲಿ ಅಣ್ಣನಿಗೆ ಸೈಕಲ್ ಕೊಡಿಸಿ ತಮಗೆ ಹಾರ್ಮೋನಿಯಂ ಕೊಡಿಸಿದರೆಂಬ ಕೊರಗು ಅವರಿಗೆ ಇನ್ನೂ ಇದೆ. ಕಲಿಸುವವರು ಯಾರು ಎಂಬ ಪ್ರಶ್ನೆ ಬಂದಾಗ, ಚಕ್ರಗಳಿರುವ ಯಾವುದೇ ವಸ್ತು ಚಾಲಕರ ವ್ಯಾಪ್ತಿಗೆ ಬರುತ್ತದೆಂದು ತೀರ್ಮಾನಿಸಿ, ಶ್ರೀ ಭೈರಪ್ಪನವರನ್ನು ತರಬೇತುದಾರರನ್ನಾಗಿ ನೇಮಿಸಲಾಯಿತು.

ಪಾಪ, ಭೈರಪ್ಪನವರು ಮನಸ್ಸಿಟ್ಟು ಕಲಿಸಿದರು. ನ್ಯೂ ಟೌನಿನ ಅಗಲವಾದ ಖಾಲಿ ರಸ್ತೆಗಳಲ್ಲಿ, ಬೆಳಗಿನ ಹೊತ್ತು, ಕ್ಯಾರಿಯರ್ ಹಿಡಿದುಕೊಂಡು ಮೇಡಂನವರ ಹಿಂದೆ ಓಡಿದರು. ಮೇಡಂನವರು ನಿಮಿಷಕ್ಕೊಮ್ಮೆ “ಭೈರಪ್ಪ, ಬಿಟ್ರಾ?” ಎಂದು ಕೂಗುವುದು, ಇವರು “ಇಲ್ಲ ಮೇಡಂ, ಹಿಡ್ಕೊಂಡಿದೀನಿ, ತುಳೀರಿ” ಎನ್ನುವುದು ನಡೆದಿತ್ತು. ಒಂದು ದಿನ ಇವರು ಮೆಲ್ಲಗೆ ಕೈ ಬಿಟ್ಟರು. ಮಗಳು ಮೋನಿಕಾಗೆ ಕಲಿಸುವಾಗಲೂ ಹೀಗೇ ಬಿಟ್ಟಿದ್ದರಂತೆ. ಸೈಕಲ್ ಬೀಳಲಿಲ್ಲ. ಮೇಡಂನವರು ಹಾಗೇ ಹೋಗಿಬಿಟ್ಟರು, ಸೆರಗು ಹಾರಿಸಿಕೊಂಡು, ತಿರುವಿನಲ್ಲಿ ಬೆಲ್ಲು ಬೇರೆ ಹೊಡೆದರು. ಭೈರಪ್ಪನವರು ನಡುರಸ್ತೆಯಲ್ಲಿ ನಿಂತು ಕಣ್ಣೊರೆಸಿಕೊಂಡರೆಂದು, ಕಸ ಗುಡಿಸುತ್ತಿದ್ದ ಶ್ರೀಮತಿ ಕಲ್ಲಮ್ಮನವರು ವರದಿ ಮಾಡಿರುತ್ತಾರೆ.

ಅಂದೇ ಮಧ್ಯಾಹ್ನ ಅಮೂಲ್ಯಾ ಅವರು ಆದೇಶದ ಹಿಂಬದಿಯನ್ನು ಓದಿದರು. (ಆದೇಶಕ್ಕೆ ಹಿಂಬದಿ ಇರುವುದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.) ಶಾಖಾ ಮುಖ್ಯಸ್ಥರು ಸೈಕಲ್ ಕಲಿತು ಉತ್ತೀರ್ಣರಾದ ಕೂಡಲೇ ಜೀಪನ್ನು ಹಿಂಪಡೆಯುವುದು, ಚಾಲಕರನ್ನು ಹೆಚ್ಚುವರಿ ಎಂದು ಘೋಷಿಸಿ ಎಲ್ಲಿ ಹುದ್ದೆ ಖಾಲಿ ಇದೆಯೋ ಅಲ್ಲಿಗೆ ವರ್ಗಾಯಿಸುವುದು. ವಿಚಾರಿಸಲಾಗಿ, ಹುದ್ದೆ ಖಾಲಿ ಇರುವುದು ಬೀದರಿನಲ್ಲಿ.

ತಾನು ಕೂತ ಕೊಂಬೆಯನ್ನು ಇಷ್ಟು ಶ್ರದ್ಧೆಯಿಂದ, ಅದೂ ದಿನಾ ಓಡಿಕೊಂಡು ಹೋಗಿ ಕಡಿದವರು ಈ ಇಲಾಖೆಯಲ್ಲಿ ಬೇರೆ ಯಾರೂ ಇಲ್ಲ. ಭೈರಪ್ಪನವರು ಅಂದು ಊಟದ ಡಬ್ಬಿ ಬಿಚ್ಚಲಿಲ್ಲ. “ಕಲಿಸಿದ್ದು ತಪ್ಪಾಯ್ತಾ ಸಾರ್?” ಎಂದು ಒಂದೇ ಮಾತು ಕೇಳಿದರು. ಅಧೀಕ್ಷಕರು ಆದೇಶವನ್ನು ಮತ್ತೊಮ್ಮೆ ತಿರುಗಿಸಿ, ಮೂರನೆಯ ಬದಿ ಏನಾದರೂ ಇದೆಯೇ ಎಂದು ಹುಡುಕಿದರು.

ಮರುದಿನ ಸಾವಿತ್ರಮ್ಮನವರೇ ಗೇಟಿಗೆ ಬಂದರು. ಸಿಬ್ಬಂದಿಯ ಮನೆಯವರಿಗೂ ಅನ್ವಯಿಸಿದ್ದ ಅದೇ ಕೌಶಲ್ಯ ಯೋಜನೆಯಲ್ಲಿ ಬಟ್ಟೆ ಚೀಲ ಹೊಲಿಯುವುದನ್ನು ಕಲಿತು, ಹಳೇ ಟೌನಿನ ಅಂಗಡಿಗಳಿಂದ ಪ್ಲಾಸ್ಟಿಕ್ ಕವರ್ ಓಡಿಸುವ ಮಟ್ಟಕ್ಕೆ ಬಂದಿರುವ ಹೆಂಗಸು ಅವರು. ಅವರ ಹೇಳಿಕೆಯ ಸಾರ: “ನನಗೂ ನೀವೇ ಕಲಿಸಿದ್ರಿ, ಈಗ ಅಂಗಡಿಯೋರು ನನ್ನ ಚೀಲಕ್ಕೆ ಕಾಯ್ತಾರೆ. ಇದನ್ನೆಲ್ಲಾ ಬಿಟ್ಟು ನಾನು ಬೀದರಿಗೆ ಬರಲ್ಲ. ಅವರೊಬ್ರನ್ನೇ ಕಳ್ಸಿದ್ರೆ ಬೇಯಿಸಿ ಹಾಕೋರು ಯಾರು? ನೀವು ಬರ್ತೀರಾ ಜನಾರ್ದನಪ್ಪಾ?”

ಮೇಡಂನವರು ಇದುವರೆಗೆ ಹಿಂದಿರುಗಿ ನೋಡಿಲ್ಲ. ಭೈರಪ್ಪನವರು ಹಿಡಿದುಕೊಂಡೇ ಇದ್ದಾರೆಂದು ನಂಬಿರುತ್ತಾರೆ. ಸೈಕಲ್ ಬಂದುಬಿಟ್ಟಿದೆ ಎಂದು ಅವರಿಗೆ ಹೇಳಿ ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇಲ್ಲದಿರುವುದು ಸಮಾಧಾನದ ಸಂಗತಿ. ತರಬೇತಿ ಮುಗಿಯುವವರೆಗೆ ಜೀಪು ಶೆಡ್ಡಿನಲ್ಲಿರುತ್ತದೆ, ಡೀಸೆಲ್ ಉಳಿಯುತ್ತದೆ, ಭೈರಪ್ಪನವರೂ ಉಳಿಯುತ್ತಾರೆ. ಆದ್ದರಿಂದ ಹಾವೂ ಸಾಯದಂತೆ ಕೋಲೂ ಮುರಿಯದಂತೆ, ತರಬೇತಿಯನ್ನು ಮುಗಿಯಗೊಡದಿರಲು ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಶ್ರೀ ಭೈರಪ್ಪನವರು ಸೈಕಲ್ ಹೊರಡುವಾಗ ಕ್ಯಾರಿಯರನ್ನು ಹಿಡಿದು, ಅನಂತರ ಬಿಡತಕ್ಕದ್ದು. ಬಿಟ್ಟ ಮೇಲೂ ಹಿಡಿದಿರುವುದಾಗಿ ಭಾವಿಸತಕ್ಕದ್ದು.

2. “ಹಿಡ್ಕೊಂಡಿದೀನಿ ಮೇಡಂ” ಎಂಬ ಘೋಷಣೆಯನ್ನು ಆಗಾಗ ಕೂಗತಕ್ಕದ್ದು. ಮೇಡಂನವರು ಈಚೆಗೆ ಭದ್ರಾ ಸೇತುವೆ ದಾಟಿ ಹಳೇ ಟೌನಿನವರೆಗೂ ಹೋಗುತ್ತಿರುವುದರಿಂದ, ದನಿ ತಲುಪದ ಸ್ಥಳಗಳಲ್ಲಿ ಸಿಬ್ಬಂದಿಯು ಸರದಿಯಂತೆ ಮರೆಯಲ್ಲಿ ನಿಂತು ಭೈರಪ್ಪನವರ ದನಿಯಲ್ಲಿ ಕೂಗತಕ್ಕದ್ದು. ಅಧೀಕ್ಷಕರು ಪ್ರಾಯೋಗಿಕವಾಗಿ ಕೂಗಿದಾಗ ನಾಯಿಗಳು ಅಟ್ಟಿಸಿಕೊಂಡು ಬಂದಿದ್ದು, ಅವರಿಗೆ ಈ ಕರ್ತವ್ಯದಿಂದ ವಿನಾಯಿತಿ ನೀಡಲಾಗಿದೆ.

3. ಭೈರಪ್ಪನವರು ಕ್ವಾರ್ಟರ್ಸಿನ ಒಳದಾರಿಯಿಂದ ಮೇಡಂನವರಿಗಿಂತ ಮೊದಲೇ ಕಚೇರಿ ತಲುಪಿ, ಸೈಕಲ್ ನಿಲ್ಲುವ ಹೊತ್ತಿಗೆ ಹಿಂದೆ ಕಾಣಿಸಿಕೊಳ್ಳತಕ್ಕದ್ದು. ಆಗ ಏದುಸಿರು ಕಡ್ಡಾಯ. ಸಹಜವಾಗಿ ಬಾರದಿದ್ದಲ್ಲಿ ಕಾಂಪೌಂಡಿನ ಬೇವಿನ ಮರವನ್ನು ಸುತ್ತಿ ತರಿಸಿಕೊಳ್ಳತಕ್ಕದ್ದು. ಏದುಸಿರಿಲ್ಲದ ಹಾಜರಿಯನ್ನು ಗೈರುಹಾಜರಿ ಎಂದೇ ಪರಿಗಣಿಸಲಾಗುವುದು.

4. ಮೇಡಂನವರ ಎದುರು “ಎಷ್ಟು ಚೆನ್ನಾಗಿ ಓಡಿಸ್ತೀರಿ” ಎಂದು ಯಾರೂ ಉದ್ಗರಿಸಬಾರದು. “ಪರವಾಗಿಲ್ಲ, ನಿಧಾನಕ್ಕೆ ಬರುತ್ತೆ” ಎಂದು ಹೇಳಲು ಅವಕಾಶವಿದೆ. ಕಲ್ಲಮ್ಮನವರು ನಿನ್ನೆ ದೃಷ್ಟಿ ತೆಗೆಯಲು ಹೊರಟಿದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಬರದ ವಿದ್ಯೆಗೆ ದೃಷ್ಟಿ ತಾಗುವುದಿಲ್ಲ.

5. ಸೈಕಲ್ಲಿಗೆ ಹಿಂದಿನದು ಕಾಣುವ ಕನ್ನಡಿ ಹಾಕಿಸಿಕೊಡುವೆನೆಂದು ಅಮೂಲ್ಯಾ ಅವರು ಉತ್ಸಾಹ ತೋರಿರುತ್ತಾರೆ. ಸದರಿ ಉತ್ಸಾಹವನ್ನು ತಡೆಹಿಡಿಯಲಾಗಿದೆ.

6. ಜೀಪಿನ ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದ್ದು, ಅವುಗಳನ್ನು ಎಬ್ಬಿಸಬಾರದು. ಜಿಲ್ಲಾ ಕಚೇರಿಯವರು ಜೀಪು ಕೇಳಿದಲ್ಲಿ ಬಾಣಂತನ ನಡೆದಿದೆ ಎಂದು ಉತ್ತರಿಸತಕ್ಕದ್ದು. ಯಾರದ್ದೆಂದು ಅವರಾಗಿ ಕೇಳದೆ ಹೇಳಬಾರದು.

7. ಓಡಿ ಓಡಿ ಭೈರಪ್ಪನವರ ಹೊಟ್ಟೆ ಕರಗಿ, ಪ್ಯಾಂಟು ನಿಲ್ಲದಂತಾಗಿದೆ. ಸಾವಿತ್ರಮ್ಮನವರು ಅದನ್ನು ಒಳಗೆ ಹಿಡಿದು ಹೊಲಿದುಕೊಡತಕ್ಕದ್ದು. ಇದನ್ನು ಯೋಜನೆಯ ಹೆಚ್ಚುವರಿ ಸಾಧನೆ ಎಂದು ವರದಿಯಲ್ಲಿ ಸೇರಿಸಲಾಗುವುದು.

8. ಇನ್ನೊಂದು ತೊಡಕು. ನಿಯಮದಂತೆ ಯಾವುದೇ ಸುತ್ತೋಲೆಗೆ ಶಾಖಾ ಮುಖ್ಯಸ್ಥರ ರುಜು ಇಲ್ಲದಿದ್ದರೆ ಅದು ಊರ್ಜಿತವಲ್ಲ. ಇದಕ್ಕೂ ಬೇಕು. ಬೇಡವೆಂದು ಅಮೂಲ್ಯಾ ಅವರು ಕೈಮುಗಿದು ಹೇಳಿದರೂ, ಮೂವತ್ತು ವರ್ಷದ ಸೇವೆಯಲ್ಲಿ ರುಜುವಿಲ್ಲದ ಕಾಗದವನ್ನು ಹೊರಡಿಸಿದವರಲ್ಲ ಈ ಅಧೀಕ್ಷಕರು. ಆದ ಕಾರಣ ಇದನ್ನು ಫಿನಾಯಿಲ್ ಖರೀದಿಯ ಕಡತದೊಳಗೆ ಇಟ್ಟು ಮಂಡಿಸಲಾಗಿದೆ. ಆ ಕಡತವನ್ನು ಮೇಡಂನವರು ಓದದೆಯೇ ರುಜು ಮಾಡುತ್ತಾರೆಂಬುದು ಅನುಭವದಿಂದ ದೃಢಪಟ್ಟಿದೆ.

ಈ ಸೂಚನೆಗಳು ಮೇಡಂನವರು ಸೈಕಲ್ ಕಲಿಯದೇ ಇರುವವರೆಗೆ, ಇಲ್ಲವೇ ಭೈರಪ್ಪನವರು ನಿವೃತ್ತರಾಗುವವರೆಗೆ ಜಾರಿಯಲ್ಲಿರುತ್ತವೆ.

(ರುಜು, ಹಸಿರು ಶಾಯಿಯಲ್ಲಿ)
ವಿಮಲಾ
ಶಾಖಾ ಮುಖ್ಯಸ್ಥರು

ಷರಾ (ಅದೇ ಶಾಯಿಯಲ್ಲಿ): ಫಿನಾಯಿಲ್ ಜಾಸ್ತಿಯಾಯಿತು, ಕಡಿಮೆ ತರಿಸಿ. ಜನಾರ್ದನ ಅವರೇ, ಕ್ಯಾರಿಯರ್ ಹಿಡಿದುಕೊಂಡವರ ದನಿ ಸೇತುವೆಯ ಆ ತುದಿಯಿಂದ ಬರುವುದಿಲ್ಲ. ಕೈ ಬಿಟ್ಟ ದಿನವೇ ನನಗೆ ಗೊತ್ತಾಯಿತು. ಆದೇಶದ ಹಿಂಬದಿಯನ್ನು ನಾನು ಮೊದಲೇ ಓದಿದ್ದೆ. ತಿರುಗಿ ನೋಡಿದ್ದರೆ ಕಲಿತದ್ದನ್ನು ಒಪ್ಪಿಕೊಂಡು ಪಾಸಾಗಬೇಕಾಗುತ್ತಿತ್ತು, ಅದಕ್ಕೇ ನೋಡಲಿಲ್ಲ. ನನಗಿನ್ನೂ ಸೈಕಲ್ ಬರುವುದಿಲ್ಲವೆಂದು ಶಿವಮೊಗ್ಗಕ್ಕೆ ಬರೆಯಿರಿ. ಭೈರಪ್ಪನವರು ಬೇವಿನ ಮರ ಸುತ್ತುವುದು ಬೇಡ, ಮಂಡಿ ನೋವು ಬರುತ್ತದೆ.

ಪ್ರತಿಗಳು:
1. ಎಲ್ಲಾ ಸಿಬ್ಬಂದಿಗೆ, ಓದಿ ಮರೆಯುವ ಸಲುವಾಗಿ.
2. ಸೂಚನಾ ಫಲಕಕ್ಕೆ, ಮುಖ ಗೋಡೆಯ ಕಡೆಗೆ ಇರುವಂತೆ.
3. ಶ್ರೀಮತಿ ಸಾವಿತ್ರಮ್ಮನವರಿಗೆ, ಪ್ಯಾಂಟಿನ ಅಳತೆಯೊಂದಿಗೆ.
4. ಶ್ರೀ ಭೈರಪ್ಪ, ಚಾಲಕರು, ಇವರಿಗೆ. ನಾಳೆ ಬೆಳಿಗ್ಗೆ ಎಂದಿನಂತೆ ಹಿಡಿಯಲು ಹಾಜರಾಗುವುದು.
5. ಶ್ರೀಮತಿ ವಿಮಲಾ, ಶಾಖಾ ಮುಖ್ಯಸ್ಥರು, ಇವರಿಗೆ ಕಳುಹಿಸತಕ್ಕದ್ದಲ್ಲ.
(ಪಕ್ಕದಲ್ಲಿ, ಹಸಿರು ಶಾಯಿಯಲ್ಲಿ: ನನಗೆ ತಲುಪಿರುವುದಿಲ್ಲ. ವಿಮಲಾ)