ಎರಡೇ ಕಾಲಂ ಸಾಕೆಂದ ಟೈಲರ್

ವೆಬ್ ಪೇಜ್ ಕಟ್ಟುವ ಎಚ್‌ಟಿಎಂಎಲ್ ಕಲಿಸುವವರಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನ್ಯಾಮತಿಯ ನನ್ನ ಕಂಪ್ಯೂಟರ್ ಕ್ಲಾಸಿಗೆ ಬಂದ ಟೈಲರ್ ಒಬ್ಬರು ಒಂದೇ ತಿಂಗಳಲ್ಲಿ ಮೂರು ಕೊಟ್ಟರು. ನಾನು ನಕ್ಕಿದ್ದು ಕಡಿಮೆ, ಅದು ಬೇರೆ ಮಾತು.

೧. ಟೇಪು

ಅರವತ್ತು ದಾಟಿದವರು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಒಳಗೆ ಬಂದರು. ಪರದೆ ಅಳತೆಗೆ ಬಂದವರೆಂದುಕೊಂಡು ನಾನು, "ಕಿಟಕಿ ಪರದೆ ಆಮೇಲೆ ನೋಡೋಣ್ರೀ" ಎಂದೆ.

"ಪರದೆ ಅಲ್ರೀ ಮೇಡಂ, ಅಂಗಡಿದು ವೆಬ್ ಪೇಜ್ ಮಾಡಾಕೆ ಕಲೀಬೇಕು. ಎರಡು ಕಾಲಂ ಸಾಕು."

ಅಂಗಡಿಯಲ್ಲಿ ಎರಡು ಮಷಿನ್. ಒಂದರಲ್ಲಿ ಇವರು ಶರ್ಟು ಹೊಲಿದರೆ, ಪಕ್ಕದ್ದರಲ್ಲಿ ಹೆಂಡತಿ ಬ್ಲೌಸು. ಹೋದ ಶ್ರಾವಣದಲ್ಲಿ ಆಕೆ ತೀರಿಹೋದರು. ಆ ಮಷಿನ್ ತೆಗೆದುಬಿಡಿ ಎಂದು ಎಲ್ಲರೂ ಹೇಳುತ್ತಿದ್ದಾರಂತೆ. "ಪೇಜ್ನಾಗಾದ್ರೂ ಅವ್ಳ ಜಾಗ ಅವ್ಳಿಗೇ ಇರ್ಲಿ" ಎಂದರು.

ನಾನು, "ಮೂರು ಕಾಲಂ ಮಾಡೋದೂ ಕಲಿಸ್ತೀವ್ರೀ" ಎಂದೆ.

"ಬ್ಯಾಡ್ರೀ. ಅವ್ಳು ಇದ್ದಿದ್ರೆ, ಮೂರನೇದು ಯಾರಿಗೆ ಅಂತ ಕೇಳ್ತಿದ್ಲು."

೨. ಐವತ್ತೆರಡು

ಎರಡು ಕಾಲಂ ಸೇರಿ ಪುಟದ ಅಗಲ ನೂರು ಪರ್ಸೆಂಟ್, ಒಂದೊಂದಕ್ಕೆ ಐವತ್ತು ಎಂದು ಬೋರ್ಡಿನ ಮೇಲೆ ಬರೆದೆ. ಇವರು ಎರಡಕ್ಕೂ ಐವತ್ತೆರಡು ಕೊಟ್ಟರು. ಜಾಗ ಸಾಲದೆ 'ಬ್ಲೌಸ್' ಕಾಲಂ ಶರ್ಟಿನ ಕೆಳಗೆ ಬಿತ್ತು.

"ಎರಡೆರಡು ಯಾಕ್ರೀ ಜಾಸ್ತಿ?"

"ಹೊಲಿಗೆಗೆ ಬಿಡಬ್ಯಾಡ್ವಾ?"

ಕ್ಲಾಸೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ. "ನೀವು ಆಮೇಲೆ ನಗ್ರಿ, ಮೊದ್ಲು ಅವಳನ್ನ ಮ್ಯಾಲೆ ಕರ್ಕೊಂಡು ಬರ್ರಿ" ಎಂದರು.

೩. ಖಾಲಿ ಜಾಗ

ಅಗಲ ಬರೆಯದೆ ಬಿಟ್ಟರೆ ಒಳಗಿನ ಬರಹಕ್ಕೆ ತಕ್ಕಷ್ಟೇ ಕಾಲಂ ಅಗಲವಾಗುತ್ತದೆ ಎಂದು ಮುಂದಿನ ವಾರ ಕಲಿಸಿದೆ. ಅವರು ಅಗಲ ತೆಗೆದರು; ಹೊಲಿಯುವವರೇ ಇಲ್ಲವಲ್ಲ ಎಂದು 'ಬ್ಲೌಸ್' ಪದವನ್ನೂ ಅಳಿಸಿದರು. ಖಾಲಿಯಾದ ಕಾಲಂ ಮಾಯವಾಗಿ, ಶರ್ಟುಗಳು ಪುಟದ ತುಂಬ ಹರಡಿಕೊಂಡವು. ಅವರು ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು.

"ಏನಾದ್ರೂ ಬರೀರಿ, ಜಾಗ ನಿಲ್ತೈತೆ" ಎಂದೆ.

ಒಂದೇ ಬೆರಳಲ್ಲಿ ಟೈಪ್ ಮಾಡಿದರು: 'ಊಟಕ್ಕೆ ಹೋಗಿದ್ದಾರೆ.' ಮಧ್ಯಾಹ್ನ ಆಕೆ ಮನೆಗೆ ಹೋದಾಗ ಇವರು ಗಿರಾಕಿಗಳಿಗೆ ಹೇಳುತ್ತಿದ್ದ ಮಾತಂತೆ. ಕಾಲಂ ಮತ್ತೆ ಪಕ್ಕಕ್ಕೆ ಬಂದು ನಿಂತಿತು.

ಪುಟ ಎಲ್ಲರಿಗೂ ಕಾಣುವಂತೆ ಹಾಕಿದ ಮೂರನೇ ದಿನ, ಕ್ಲಾಸಿನಲ್ಲೇ ಅವರ ಫೋನ್ ಬಡಿದುಕೊಂಡಿತು. ಜಗಳೂರಿಗೆ ಮದುವೆಯಾಗಿ ಹೋದ ಹಳೇ ಗಿರಾಕಿ. ಪಾಪ, ಆಕೆಗೆ ವಿಷಯ ಗೊತ್ತಿರಲಿಲ್ಲ. ಸ್ಪೀಕರ್ ಇದ್ದದ್ದರಿಂದ ನಮಗೆಲ್ಲ ಕೇಳಿಸಿತು.

"ಅಣ್ಣಾ, ಬ್ಲೌಸ್ ಕೊಡಾಕೆ ಬರ್ತಾ ಇದೀನಿ. ಊಟಕ್ಕೆ ಹೋಗ್ಯಾರೆ ಅಂತ ಪೇಜ್ನಾಗೆ ಐತಲ್ಲ, ಅಕ್ಕ ಎಷ್ಟೊತ್ತಿಗೆ ಬರ್ತಾರೆ?"

ಅವರು ಪುಟವನ್ನೇ ನೋಡುತ್ತಾ ಹೇಳಿದರು:

"ಗೊತ್ತಿಲ್ಲ ತಾಯಿ. ಈ ಸಲ ನಂಗೂ ಹೇಳದೇ ಹೋಗ್ಯಾಳೆ."